ಎಡದಿಂದ ಗುಣಿಸಿದ ಭಾನುವಾರ

ಅದು ಭಾನುವಾರ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಉಳಿದದ್ದನ್ನು ಅಷ್ಟಿಷ್ಟು ಕಳೆದು ನಂಬಬೇಕು. ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ.

ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಎಂಎಸ್ಸಿಯಲ್ಲಿ ಜೊತೆಗಿದ್ದ ಗೆಳೆಯ ಲಿಂಗಸುಗೂರಿನಲ್ಲಿ ಕಲಿಸುತ್ತಾನೆ. ಮಸ್ಕಿ ಇಬ್ಬರಿಗೂ ನಡುದಾರಿ. ಪ್ರತಿ ಭಾನುವಾರ ಅಲ್ಲಿನ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಸೇರುತ್ತಿದ್ದೆವು. ಮೂಲೆಯ ಟೇಬಲ್ಲಿಗೆ ಕರಿಯ ಕಡಪ ಕಲ್ಲು ಹಾಸಿತ್ತು. ಜೇಬಿನಲ್ಲಿ ಉಳಿದ ಚಾಕ್‌ಪೀಸಿಗೆ ಅಷ್ಟು ಒಳ್ಳೆಯ ಬೋರ್ಡು ನಮ್ಮ ಕಾಲೇಜುಗಳಲ್ಲೂ ಇರಲಿಲ್ಲ.

ನಮ್ಮ ಕೆಲಸ ಬಿಂದುಗಳು ಮತ್ತು ಅವುಗಳನ್ನು ಸೇರಿಸುವ ಬಾಣಗಳದ್ದು. ಅಂಥ ಚಿತ್ರದಿಂದ ಒಂದು ಬೀಜಗಣಿತ ಹುಟ್ಟುತ್ತದೆ. ಬಾಣಕ್ಕೆ ಬಾಣ ಜೋಡಿಸುವುದೇ ಅಲ್ಲಿ ಗುಣಾಕಾರ; ಎಡದಿಂದ ಗುಣಿಸಿದರೆ ಒಂದು ಫಲ, ಬಲದಿಂದ ಗುಣಿಸಿದರೆ ಬೇರೆಯೇ ಫಲ. ಆ ಬೀಜಗಣಿತ ಯಾವುದರ ಮೇಲೆ ಕೆಲಸ ಮಾಡುತ್ತದೋ ಅದು ಮಾಡ್ಯೂಲು. ಪ್ರತಿ ಬಿಂದುವಿಗೂ ಒಂದು ಮೂಲ ಮಾಡ್ಯೂಲು ಇರುತ್ತದೆ. ಅವೆಲ್ಲ ಕವಲೊಡೆಯದೆ ಸರಪಳಿಯಂತೆ ಇಳಿದರೆ, ಉಳಿದ ಮಾಡ್ಯೂಲುಗಳನ್ನು ಅವುಗಳಿಂದ ಕಟ್ಟುವ ಕೆಲಸ, ಮುಗಿಯುವುದೇ ಆದರೆ, ಇಂತಿಷ್ಟೇ ಹೆಜ್ಜೆಗಳೆಂಬ ಮಿತಿಯೊಳಗೆ ಮುಗಿಯುತ್ತದೆ. ಇದು ನಮ್ಮ ಪ್ರಮೇಯ. ಗೆಳೆಯನ ಪಿಎಚ್‌ಡಿಯ ಕೊನೆಯ ಅಧ್ಯಾಯ ಪೂರ್ತಿ ಇದರ ಮೇಲೆ ನಿಂತಿತ್ತು.

ಆ ದಿನ ನಾನು ಅದನ್ನು ಮುರಿಯುವ ಉದಾಹರಣೆಯೊಂದನ್ನು ತಂದಿದ್ದೆ. ವಿದ್ಯಾರ್ಥಿಯಾಗಿದ್ದಾಗ ಕಲಿತ ಚಿತ್ರ. ನೆನಪಿನಿಂದಲೇ ಲೆಕ್ಕ ಹಾಕಿದ್ದೆ. ಸರಪಳಿಯ ಷರತ್ತು ಕೂಡುತ್ತಿತ್ತು, ಮಿತಿ ಮಾತ್ರ ಮೀರುತ್ತಿತ್ತು. ನಿನ್ನ ಅಧ್ಯಾಯ ಕುಸಿದಂತೆಯೇ ಎಂದು ಹೇಗೋ ಹೇಳಿದೆ. ಅವನು ಮಿರ್ಚಿ ತಟ್ಟೆ ಅತ್ತ ಸರಿಸಿ, ಬರೆದು ತೋರಿಸು ಎಂದ. ಬರೆದೆ. ತುಂಬ ಹೊತ್ತು ನೋಡಿದ ಎಂದು ನನ್ನ ನೆನಪು. ನೋಡಿದ ಕೂಡಲೇ ತಪ್ಪು ಹಿಡಿದೆ ಎಂದು ಅವನ ವಾದ.

"ಈ ಬಿಂದುವಿನಿಂದ ಎರಡು ಬಾಣ ಹೊಂಟಾವಲ್ಲ. ಇದು ಸರಪಳಿ ಹೆಂಗಾತು?"

"ಎಡದಿಂದ ಗುಣಿಸು. ಆಗ್ತದ."

"ಮಿತಿ ಯಾವ ಕಡಿಯಿಂದ ತಗದಿ?"

ಬರೆದದ್ದರ ಮೇಲೆ ಮೊದಲಿನಿಂದ ಬೆರಳಿಟ್ಟು ನೋಡುತ್ತಾ ಬಂದೆ. ಮಿತಿಯನ್ನು ನಾನು ಬಲದಿಂದ ತೆಗೆದಿದ್ದೆ, ಗೆಳೆಯನ ಪ್ರಬಂಧದ ರೂಢಿಯಂತೆ. ಷರತ್ತನ್ನು ಮಾತ್ರ ಹಳೆಯ ಪಾಠದ ರೂಢಿಯಂತೆ ಎಡದಿಂದ ಪರೀಕ್ಷಿಸಿದ್ದೆ. ಎರಡು ಬೇರೆ ಲೋಕಗಳ ಅರ್ಧರ್ಧ ಸತ್ಯವನ್ನು ಒಂದಕ್ಕೊಂದು ಹೊಲಿದಿದ್ದೆ.

"ಜವಳಗೇರಾದ ಕಾಲುವಿ ನೀರು ವಾಪಸ್ ಡ್ಯಾಮಿಗೆ ಹತ್ತಿಸೀದಿ ನೋಡಲೇ," ಎಂದ.

ನನಗೆ ಇಷ್ಟಕ್ಕೇ ಸಮಾಧಾನವಾಗಲಿಲ್ಲ. ಪ್ರತಿ ಹೆಜ್ಜೆಯನ್ನೂ ಬಲದಿಂದ ಮತ್ತೆ ಮಾಡಿಸಿದೆ. ಕಲ್ಲು ತುಂಬಿತು, ಪಕ್ಕದ ಟೇಬಲ್ಲೂ ತುಂಬಿತು. ಒರೆಸಲು ಬಂದ ಹೋಟೆಲಿನವರಿಗೆ ಗೆಳೆಯ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿ ಹಿಂದಕ್ಕೆ ಕಳಿಸಿದ. ಪ್ರಮೇಯ ಎಲ್ಲೂ ಅಲುಗಲಿಲ್ಲ. ಅಷ್ಟೇ ಅಲ್ಲ: ಬಲದಿಂದ ನೋಡಿದರೆ ನನ್ನ ಚಿತ್ರದಲ್ಲಿ ಮಾಡ್ಯೂಲು ಕವಲೊಡೆಯುತ್ತದೆ, ಮಿತಿಯೂ ಮುರಿಯುತ್ತದೆ. ಅಂದರೆ ಸರಪಳಿಯ ಷರತ್ತನ್ನು ಕೈಬಿಡುವಂತಿಲ್ಲ. ಅದನ್ನು ತೋರಿಸುವ ಉದಾಹರಣೆಗಾಗಿ ನಾವು ಎಷ್ಟೋ ಭಾನುವಾರ ಹುಡುಕಿ ಸೋತಿದ್ದೆವು.

ಅವನ ಪಿಎಚ್‌ಡಿಯ ಮೌಖಿಕ ಪರೀಕ್ಷೆಗೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಆ ಷರತ್ತು ನಿಜಕ್ಕೂ ಬೇಕೇ ಎಂದು ಪರೀಕ್ಷಕರು ಕೇಳಿದರು. ಗೆಳೆಯ ಬೋರ್ಡಿನ ಕಡೆ ತಿರುಗಿ ಆ ಭಾನುವಾರದ ಚಿತ್ರದ ಎರಡು ಬಾಣ ಎಳೆದ. ಮೂರನೆಯದನ್ನು ಎಳೆಯುವ ಮೊದಲೇ ಪರೀಕ್ಷಕರು ನಗುತ್ತಾ, "ಸಾಕು, ಕುಂದರ್ರಿ ಡಾಕ್ಟರೇ," ಎಂದರು.