ಲೊಂಗ್ವೆ ಅಜ್ಜನ ಒಣ ಬಟ್ಟೆ

ನಮ್ಮ ಚಿಂಟೆಚೆ ಊರಿನ ಸರೋವರದ ದಡದಲ್ಲಿ ಲೊಂಗ್ವೆ ಅಜ್ಜ ಮರದ ದಿಮ್ಮಿ ಕೊರೆದು ದೋಣಿ ಮಾಡುತ್ತಾನೆ. ಮಾರುವಾಗ ಅವನು ಒಂದು ಮಾತನ್ನೂ ಹೇಳುತ್ತಿರಲಿಲ್ಲ. ಹೊಸ ದೋಣಿಯಲ್ಲಿ ಮೊದಲು ತಾನೇ ಕುಳಿತು ಆಳದ ನೀರಿನವರೆಗೆ ಹೋಗಿ ಬರುತ್ತಿದ್ದ. ಅವನ ಬಟ್ಟೆ ನೆನೆಯದೆ ಒಣಗಿಯೇ ಇರುವುದನ್ನು ನೋಡಿ ಕೊಳ್ಳುವವರು ದೋಣಿ ಒಯ್ಯುತ್ತಿದ್ದರು. ನಲವತ್ತು ವರ್ಷ ಹೀಗೆಯೇ ನಡೆದಿತ್ತು.

ಕಳೆದ ಮಂಗಳವಾರ ಬೆಸ್ತ ವಿತುಂಬಿಕೊ ತಾನು ಹೇಳಿ ಮಾಡಿಸಿದ ದೋಣಿ ಒಯ್ಯಲು ಬಂದ. ಅಲ್ಲಿಂದಲೇ ಮೀನಿಗೆ ಹೊರಡುವವನಿದ್ದ. ಅವನ ಇಬ್ಬರು ಮಕ್ಕಳು ಆಗಲೇ ಅದರೊಳಗೆ ಕುಳಿತಿದ್ದರು.

"ಗಟ್ಟಿ ದೋಣಿ ಕಣಪ್ಪಾ. ಹತ್ತು ವರ್ಷ ಒಂದು ಹನಿ ನೀರೂ ಒಳಗೆ ಬರಲ್ಲ, ಗ್ಯಾರಂಟಿ," ಎಂದ ಅಜ್ಜ.

ದಡದಲ್ಲಿ ನಿಂತಿದ್ದ ನಾನು ತಿರುಗಿ ನೋಡಿದೆ. ಅವನ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿಯೇ ಇರಲಿಲ್ಲ.

ವಿತುಂಬಿಕೊ ನಕ್ಕ. "ಏನಜ್ಜಾ, ಇವತ್ತು ರೇಡಿಯೋ ನುಂಗಿದೀಯಾ? ಬಾ, ಕೂತ್ಕೊ, ಒಂದು ಸುತ್ತು ಹೋಗಿಬರೋಣ."

"ಮೊಣಕಾಲು ನೋವು. ನೀನೇ ತಗೊಂಡು ಹೋಗು."

"ನಿನ್ನೆ ಮಾವಿನ ಮರ ಏರಿತ್ತಲ್ಲ, ಅದೇ ಮೊಣಕಾಲಾ?"

ಅಜ್ಜ ತಲೆ ಎತ್ತಲಿಲ್ಲ. ವಿತುಂಬಿಕೊನ ನಗು ಆರಿಹೋಯಿತು. ಮಕ್ಕಳಿಬ್ಬರನ್ನೂ ಎತ್ತಿ ಮರಳಿನ ಮೇಲೆ ಇಳಿಸಿದ.

"ಅಜ್ಜಾ, ನನ್ನ ಮಕ್ಕಳು ಕೂತಿದ್ರು ಇದರಲ್ಲಿ!"

ಅಜ್ಜ ಮರ ಕೆತ್ತುವ ಬಾಚಿ ತೆಗೆದುಕೊಂಡು ದೋಣಿಯ ತಳಕ್ಕೆ ಹೊಡೆದ. ಡಾಂಬರು ಕಿತ್ತುಬಂತು. ಅದರಡಿ ಬೆರಳು ತೂರುವಷ್ಟು ಅಗಲದ ಬಿರುಕು ಮೂತಿಯವರೆಗೂ ಓಡಿತ್ತು.

"ಇನ್ನೊಂದು ಮರ ಕೊರೆಯೋ ಶಕ್ತಿ ಇರಲಿಲ್ಲ ಮಗಾ," ಎಂದ.

ದಡದಲ್ಲಿದ್ದ ನಾವೆಲ್ಲರೂ ಅವನ ದೋಣಿಯಲ್ಲೇ ನೀರಿಗಿಳಿಯುವವರು. ಒಬ್ಬೊಬ್ಬರಾಗಿ ನಮ್ಮ ನಮ್ಮ ದೋಣಿಗಳ ತಳ ತಡವಿ ನೋಡತೊಡಗಿದೆವು.