ಸುಳ್ಳು ಬಾಟಲಿಗೆ ಒಂದು ಹಿಡಿ

ನಮ್ಮ ಅತ್ತಿಗೆಯ ಕೆಲಸ ಕೆಮ್ಮು ಎಣಿಸುವುದು. ಹೀಗೆಂದರೆ ಜನ ನಗುತ್ತಾರೆ. ನಕ್ಕವರನ್ನು ಒಂದು ದಿನ ಅವಳ ಕುರ್ಚಿಯಲ್ಲಿ ಕೂರಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕ, ಕಿಟಕಿಯಿಲ್ಲದ ಕೋಣೆ. ಹೊಸ ಔಷಧಿ ಪರೀಕ್ಷೆಗೆ ಬಂದಾಗ ರೋಗಿಗಳು ಒಂದು ಹಗಲು ಒಂದು ರಾತ್ರಿ ಕೊರಳಲ್ಲಿ ಪುಟ್ಟ ರೆಕಾರ್ಡರ್ ಹಾಕಿಕೊಂಡಿದ್ದು ತಂದುಕೊಡುತ್ತಾರೆ. ಅಷ್ಟನ್ನೂ ಅತ್ತಿಗೆ ಹೆಡ್‌ಫೋನಿನಲ್ಲಿ ಕೇಳಬೇಕು, ಕೆಮ್ಮಿಗೊಂದು ಸಲ ಗುಂಡಿ ಒತ್ತಬೇಕು. ಗಂಟಲು ಸರಿಮಾಡಿಕೊಂಡರೆ ಒತ್ತಬಾರದು, ಸೀನಿದರೂ ಒತ್ತಬಾರದು. ಬಾಗಿಲ ಸದ್ದು, ಗೊರಕೆ, ಗಂಡಹೆಂಡಿರ ಜಗಳ, ಎಲ್ಲ ಅವಳ ಕಿವಿಗೇ. ನಲವತ್ತೊಂದನೇ ನಂಬರಿನ ಹೆಂಗಸು ಮನೆಯಲ್ಲಿ ಒಬ್ಬಳೇ ಇದ್ದರೂ ಕೆಮ್ಮಿದಾಗಲೆಲ್ಲ "ಕ್ಷಮಿಸಿ" ಅನ್ನುತ್ತಾಳಂತೆ. ಹದಿನಾಲ್ಕು ವರ್ಷದಿಂದ ಇದೇ ಪಾಡು. ಅಣ್ಣ ಸಂಜೆ ಟೀವಿ ಹಚ್ಚಿದರೆ ಅತ್ತಿಗೆ ಮಾತಿಲ್ಲದೆ ಎದ್ದು ಒಳಗೆ ಹೋಗುತ್ತಾಳೆ. ನಾನು ಕೆಮ್ಮಿದರೆ ಅವಳಿಗೇ ಗೊತ್ತಿಲ್ಲದೆ ಹೆಬ್ಬೆರಳು ಒತ್ತಿಕೊಳ್ಳುತ್ತದೆ.

ಅದೇ ಆಸ್ಪತ್ರೆಯಲ್ಲಿ ನಮ್ಮಪ್ಪ ನಲವತ್ತು ವರ್ಷ ಒಣಕೆಮ್ಮಿನ ಕಷಾಯ ಕಾಯಿಸಿದವನು. ಜ್ಯೇಷ್ಠಮಧುವಿನ ಬೇರು ಜಜ್ಜಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿದ ಮೇಲೆ ಜೇನು ಬೆರೆಸುವುದು. ಅಜ್ಜಿ ಕಲಿಸಿದ್ದು, ಅವನ ಜೀವವೇ ಅದು. ಕಳೆದ ವರ್ಷ ಬಂದ ಡಾಕ್ಟರಮ್ಮ ಮುಖಕ್ಕೆ ಹೇಳಿದರು:

"ಯಜಮಾನ್ರೇ, ಎಲ್ಲರೂ ಚೆನ್ನಾಗಿದೆ ಅಂತಾರೆ. ಆದ್ರೆ ಒಣಕೆಮ್ಮು ಎಷ್ಟೋ ಸಲ ತಾನಾಗೇ ಹೋಗಿಬಿಡತ್ತೆ. ಪರೀಕ್ಷೆ ಮಾಡೋಣ. ಗುಣ ಇದ್ರೆ ಮುಂದುವರಿಸ್ತೀವಿ, ಇಲ್ದಿದ್ರೆ ನಿಲ್ಲಿಸ್ತೀವಿ."

ಪರೀಕ್ಷೆಗೆ ಎರಡು ಬಗೆಯ ಬಾಟಲಿ. ಒಂದರಲ್ಲಿ ಕಷಾಯ. ಇನ್ನೊಂದರಲ್ಲಿ ಅದೇ ಬಣ್ಣ, ಅದೇ ರುಚಿಯ ಸಕ್ಕರೆ ನೀರು, ಬೇರು ಮಾತ್ರ ಇಲ್ಲ. ಆಸ್ಪತ್ರೆಯವರು ಅದನ್ನು ಸುಳ್ಳು ಬಾಟಲಿ ಅನ್ನುತ್ತಿದ್ದರು. ಆ ರುಚಿ ಕೂಡಿಸುವುದು ಬೇರೆ ಯಾರಿಗೂ ಬಾರದೆ ಅದನ್ನೂ ಅಪ್ಪನಿಂದಲೇ ಕಾಯಿಸಿದರು. ಯಾರಿಗೆ ಯಾವುದು ಹೋಯಿತೆಂದು ಅವನಿಗೂ ಗೊತ್ತಿಲ್ಲ, ಎಣಿಸುವ ಅತ್ತಿಗೆಗೂ ಗೊತ್ತಿಲ್ಲ.

ಎಂಟು ತಿಂಗಳು, ಅರವತ್ತು ಜನ. ಕೊನೆಗೆ ಡಾಕ್ಟರಮ್ಮ ಲೆಕ್ಕ ಬಿಚ್ಚಿದರು. ಎರಡೂ ಗುಂಪಿನಲ್ಲಿ ಕೆಮ್ಮು ಒಂದೇ ಸಮ ಇಳಿದಿತ್ತು. "ಸುಳ್ಳು ಬಾಟಲಿಗಿಂತ ನಿಮ್ಮದು ಹೆಚ್ಚೇನೂ ಮಾಡಿಲ್ಲ ಯಜಮಾನ್ರೇ," ಎಂದರು. ಅಪ್ಪ ಮನೆಗೆ ಬಂದು ಚಪ್ಪಲಿ ಬಿಚ್ಚದೆ ಕುಳಿತ. ಅವತ್ತು ಅವನಿಗೆ ಊಟ ಸೇರಲಿಲ್ಲ. ನನಗೆ ಡಾಕ್ಟರಮ್ಮನ ಮೇಲೆ ಮೈಯೆಲ್ಲ ಉರಿಯಿತು, ಬಾಯಿಗೆ ಬಂದದ್ದು ಬೈದೆ.

"ಅವರನ್ನ ಯಾಕೆ ಬೈತೀಯ? ಎಣಿಸಿದ್ದು ನಾನು," ಎಂದಳು ಅತ್ತಿಗೆ.

ಭಾನುವಾರ ಅಪ್ಪನ ಕಷಾಯದ ಕೋಣೆ ಖಾಲಿ ಮಾಡಲು ಅಪ್ಪ, ಅತ್ತಿಗೆ, ನಾನು ಮೂವರೂ ಹೋದೆವು. ಸುಳ್ಳು ಬಾಟಲಿಯ ಪಾತ್ರೆಗೆ, ಸೋಸುವ ಬಟ್ಟೆಗೆ ಕೆಂಪು ಗುರುತು ಹಾಕಿದ್ದರು. ಅತ್ತಿಗೆ ಆ ಬಟ್ಟೆ ಮಡಚಲು ಹೋದವಳು ಹಾಗೇ ನಿಂತಳು. ನೇಯ್ಗೆಯ ಸಂದಿಯಲ್ಲಿ ಹಳದಿ ನಾರು ಸಿಕ್ಕಿಕೊಂಡಿತ್ತು.

"ಮಾವ, ಇದರಲ್ಲಿ ಬೇರಿನ ನಾರು ಹೇಗೆ ಬಂತು?"

ಮೂಟೆ ಕಟ್ಟುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. "ಒಂದು ಹಿಡಿ ಹಾಕ್ತಿದ್ದೆ ಕಣಮ್ಮಾ. ಕೆಮ್ಮೋರಿಗೆ ಬರೀ ಸಕ್ಕರೆ ನೀರು ಕೊಡೋಕೆ ಕೈ ಬರಲಿಲ್ಲ. ಒಂದು ಹಿಡಿಯಿಂದ ಏನಾಗತ್ತೆ ಅಂದ್ಕೊಂಡೆ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಅತ್ತಿಗೆ ಬೋರಲಿಟ್ಟ ಪಾತ್ರೆಯ ಮೇಲೆ ಕುಳಿತುಬಿಟ್ಟಳು. ನನಗೋ ಹಿಗ್ಗು. "ಹಾಗಾದ್ರೆ ಅಪ್ಪನ ಔಷಧೀನೇ ಗೆದ್ದ ಹಾಗಲ್ವಾ ಅತ್ತಿಗೆ?"

"ಗೆದ್ದೂ ಇಲ್ಲ, ಸೋತೂ ಇಲ್ಲ. ಎರಡರಲ್ಲೂ ಬೇರು ಇದ್ದಮೇಲೆ ಯಾವುದನ್ನ ಯಾವುದಕ್ಕೆ ಹೋಲಿಸೋದು? ಏನೂ ಗೊತ್ತಾಗಿಲ್ಲ, ಅಷ್ಟೇ. ನಾನು ಎಂಟು ತಿಂಗಳು ಕೇಳಿದ್ದೆಲ್ಲ ದಂಡ." ಅವಳ ದನಿ ಸೋತಿತ್ತು. ನಾನು ಅಪ್ಪನ ಜೊತೆ ಮೂಟೆಗೆ ಕೈ ಹಚ್ಚಿದೆ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಸೋಮವಾರ ಅವಳೇ ಹೋಗಿ ಹೇಳಿದಳು. ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತು ಕುಳಿತರಂತೆ. ಆಮೇಲೆ, ಮತ್ತೆ ಮೊದಲಿಂದ ಮಾಡೋಣ, ಈ ಸಲ ರುಚಿಯ ಅಳತೆ ಬರೆಸಿಕೊಂಡು ಸುಳ್ಳು ಬಾಟಲಿಯದನ್ನು ಬೇರೆಯವರೇ ಕಾಯಿಸಲಿ, ಅದರ ಹತ್ತಿರ ಯಜಮಾನರು ಸುಳಿಯಕೂಡದು ಅಂದರಂತೆ.

ಸಂಜೆ ಅತ್ತಿಗೆ ಇದನ್ನು ಹೇಳಿದಾಗ ಅಪ್ಪನ ಮುಖಕ್ಕೆ ಸ್ವಲ್ಪ ಕಳೆ ಬಂತು. ಬಂದದ್ದು ಹಾಗೇ ಇಳಿಯಿತು.

"ಈ ಸಲ ಅರ್ಧ ಜನಕ್ಕೆ ನಿಜವಾಗ್ಲೂ ಏನೂ ಇರಲ್ವಾ?"

"ಇರಲ್ಲ ಮಾವ."

ಅಪ್ಪ ಅತ್ತಿಗೆಯ ಕಡೆ ತಿರುಗಿ ಕುಳಿತ. "ನಾನೇನೋ ನೋಡದೆ ಇದ್ದುಬಿಡ್ತೀನಿ. ಅವರು ಕೆಮ್ಮೋದನ್ನ ಹಗಲೂ ರಾತ್ರಿ ನೀನು ಕೇಳ್ಬೇಕಲ್ಲಮ್ಮಾ. ನಿನ್ನ ಕೈಲಾಗತ್ತಾ?"

ಅತ್ತಿಗೆಯ ಕಣ್ಣು ತುಂಬಿತು. ಹದಿನಾಲ್ಕು ವರ್ಷದಲ್ಲಿ ಈ ಮಾತನ್ನು ಅವಳಿಗೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಕ್ಕವರ ಮೇಲೆ ಸಿಡಿಯುವ ನಾನೂ ಕೇಳಿರಲಿಲ್ಲ.

"ಎಣಿಸ್ತೀನಿ ಮಾವ," ಎಂದಳು.

ಅವತ್ತು ಅಣ್ಣ ಟೀವಿ ಹಚ್ಚಲಿಲ್ಲ.