ಬೀದಿ ದಾಟುವ ಬಟ್ಟಲು

ಮೂರನೆಯ ಸಂಜೆಯೂ ಬಟ್ಟಲು ತುಂಬಿದಂತೆಯೇ ಹಿಂದಿರುಗಿತು. ಮಗಳು ದುಫಿಯೆ ಅದನ್ನು ತಲೆಯಿಂದಿಳಿಸಿ ಒರಳಿನ ಪಕ್ಕದಲ್ಲಿಟ್ಟಳು. ಪಿನಮಾಂಗ್ ಮುಚ್ಚಳ ತೆಗೆದು ನೋಡಿದಳು. ಮರಗೆಣಸು, ಬಾಳೆಕಾಯಿ ಕುಟ್ಟಿ ಮಾಡಿದ ಫುಫು ಮುದ್ದೆಯ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ. ತಾಳೆಹಣ್ಣಿನ ಸಾರು ಕೆನೆಗಟ್ಟಿತ್ತು.

ಮೂವತ್ತೊಂದು ವರ್ಷಗಳಿಂದ ಅವಳು ತನ್ನ ತಾಯಿಯ ಮನೆಯಲ್ಲಿ ಅಡುಗೆ ಮಾಡಿ, ಬೀದಿಯಾಚೆ ಅವನ ತಾಯಿಯ ಮನೆಯಲ್ಲಿದ್ದ ಗಂಡ ಅಜಪಾಂಗನಿಗೆ ಕಳಿಸುತ್ತ ಬಂದಿದ್ದಳು. ಅಸಾಂಟೆ ಸೀಮೆಯ ಆ ಊರಿನಲ್ಲಿ ಸಂಸಾರ ನಡೆಯುತ್ತಿದ್ದುದೇ ಹಾಗೆ. ಪ್ರಾಯದಲ್ಲಿ ರಾತ್ರಿ ಅವನಲ್ಲಿಗೆ ಮಲಗಲು ಹೋಗುತ್ತಿದ್ದಳು. ಆ ವಯಸ್ಸು ದಾಟಿದ ಮೇಲೆ ಇಬ್ಬರ ನಡುವೆ ಉಳಿದದ್ದು ಈ ಬಟ್ಟಲೊಂದೇ. ಗಂಡ ಮೊದಲ ತುತ್ತು ಮುರಿಯದ ಹೊರತು ಆ ಮನೆಯಲ್ಲಿ ಬೇರಾರೂ ಅದನ್ನು ಮುಟ್ಟುತ್ತಿರಲಿಲ್ಲ. ತುಂಬಿದಂತೆ ಮರಳಿತೆಂದರೆ ಹೆಂಡತಿ ಬೇಡವಾಗಿದ್ದಾಳೆಂದೇ ಅರ್ಥ. ಏಕೆಂದು ಅವಳೇ ಹೋಗಿ ಕೇಳುವುದು ಮರ್ಯಾದೆಯಾಗಿರಲಿಲ್ಲ.

"ಅಸಾಬಿಯಾ ಅತ್ತೆ ಬಾಗಿಲಲ್ಲೇ ಇಸ್ಕೊಂಡ್ರು, ಆಮೇಲೆ ಹಾಗೇ ತಂದುಕೊಟ್ರು. ಅಪ್ಪಂಗೆ ಹಸಿವಿಲ್ವಂತೆ," ಎಂದಳು ದುಫಿಯೆ.

"ಮೂರು ದಿನ ಹಸಿವಿಲ್ಲದೆ ಇರೋಕೆ ಅವನೇನು ಕಲ್ಲುಗುಂಡಾ?" ಪಿನಮಾಂಗಳ ಅಕ್ಕ ಕೊನಾಡು ರೇಗಿದಳು; ದಿನವೂ ಒನಕೆಯ ಪೆಟ್ಟುಗಳ ನಡುವೆ ಒರಳಿಗೆ ಕೈಹಾಕಿ ಮುದ್ದೆ ತಿರುವಿಕೊಡುತ್ತಿದ್ದವಳು ಅವಳೇ. "ಬೇರೆ ಯಾವಳೋ ಬಡಿಸ್ತಿದ್ದಾಳೆ ಕಣೇ. ನಾನು ಬೆರಳು ಒಡ್ಡೋದು, ನೀನು ಒನಕೆ ಎತ್ತೋದು, ಕೊನೆಗೆ ತಿನ್ನೋದು ಕೋಳಿ! ನಾಳೆ ಕಳಿಸ್ಬೇಡ."

ಮರುದಿನ ಪಿನಮಾಂಗ್ ಕಳಿಸಲಿಲ್ಲ.

ಅದರ ಮರುಬೆಳಿಗ್ಗೆ, ಕೊನಾಡು ಹೊಲಕ್ಕೆ ಹೋಗಿದ್ದಾಗ, ಅಜಪಾಂಗನ ಅಕ್ಕ ಅಸಾಬಿಯಾ ಅಂಗಳಕ್ಕೆ ಬಂದು ನಿಂತೇ ಮಾತಾಡಿದಳು.

"ನಿನ್ನೆ ಕೈ ತೊಳ್ಕೊಂಡು ಕತ್ತಲಾಗೋವರ್ಗೂ ಜಗಲಿ ಮೇಲೆ ಕೂತಿದ್ದ. ಹೋಗೋ ಬರೋರಿಗೆಲ್ಲ 'ಊಟ ಬರ್ತಾ ಇದೆ' ಅಂತಿದ್ದ. ನಗೋರು ನಕ್ಕರು."

"ತಿನ್ನದೋನಿಗೆ ಊಟ ಯಾಕೆ ಅತ್ತಿಗೆ?"

"ತಿನ್ನದೋನಲ್ಲ ತಂಗಿ, ತಿನ್ನೋಕೆ ಆಗದೋನು. ಗಂಟಲಲ್ಲಿ ಗಡ್ಡೆ. ನೀರುಗಂಜಿ ಬಿಟ್ರೆ ಏನೂ ಇಳಿಯಲ್ಲ. ಅವಳಿಗೆ ಹೇಳಿದ್ರೆ ನನ್ನ ಹೆಣ ನೋಡ್ತೀಯ ಅಂತ ಆಣೆ ಹಾಕಿದ್ದ."

ಫುಫುವನ್ನು ಅಗಿಯುವಂತಿಲ್ಲ, ನುಂಗಬೇಕು. ನುಂಗಲಾರದವನನ್ನು ಆ ಊರು ಗಂಡಸರ ಲೆಕ್ಕದಿಂದಲೇ ಬಿಟ್ಟುಬಿಡುತ್ತಿತ್ತು.

ಪಿನಮಾಂಗ್ ಅಂದು ತೆಳುವಾಗಿ ಮೀನಿನ ಸಾರು ಕಾಸಿ, ಎರಡು ಸಲ ಶೋಧಿಸಿ, ತಾನೇ ಹೊತ್ತು ಹಾಡಹಗಲಲ್ಲಿ ಬೀದಿ ದಾಟಿದಳು. ಅಜಪಾಂಗ್ ಕೈ ತೊಳೆದು ಮುಚ್ಚಳ ತೆಗೆದ. ಸಾರಿನೊಳಗೆ ಮುದ್ದೆಯಿರಲಿಲ್ಲ.

"ಅಕ್ಕ ಹೇಳಿಬಿಟ್ಟಳಾ?" ಧ್ವನಿ ಸವೆದುಹೋಗಿತ್ತು.

"ಹೂಂ."

"ಒಳಗಿಡು, ಆಮೇಲೆ ಕುಡೀತೀನಿ. ನಾಳೆಯಿಂದ ಫುಫು ಕಳಿಸು. ಬೀದೀಲಿ ಎಲ್ಲರಿಗೂ ಕಾಣೋ ಹಾಗೆ."

"ಹಾಗೇ ವಾಪಸ್ ಬರುತ್ತಲ್ಲ. ನೀವು ನನ್ನ ಬಿಟ್ಟಿದ್ದೀರಿ ಅಂತಾರೆ ಜನ."

"ಅಂದ್ಕೊಳ್ಳಲಿ. ನುಂಗಲಾರದೋನು ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ," ಎಂದ ಅವನು, ಅವಳ ಮುಖ ನೋಡದೆ.

ಕೊನಾಡುವಿಗೂ ಅವಳು ಕಾರಣ ಹೇಳಲಿಲ್ಲ. ಹತ್ತೊಂಬತ್ತು ಸಂಜೆ ಅಕ್ಕ ಬೈಯುತ್ತಲೇ ಮುದ್ದೆ ತಿರುವಿದಳು. ಬಟ್ಟಲು ತುಂಬಿದಂತೆ ಹೋಗಿ ತುಂಬಿದಂತೆ ಬಂದಿತು. ಅಜಪಾಂಗ್ ತೀರಿಕೊಂಡ ದಿನ, ಗಂಡ ಬಿಟ್ಟವಳಿಗೆ ಇಲ್ಲೇನು ಕೆಲಸವೆಂದು ಹೆಂಗಸರು ಶವದ ಬಳಿಯೇ ಪಿಸುಗುಟ್ಟಿದರು. ಪಿನಮಾಂಗ್ ಆಗಲೂ ಬಾಯಿ ಬಿಡಲಿಲ್ಲ.